ಸಿಹಿನೀರಿಗೆ ಕೀಲಿ

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತ ಮಂದಿ ಮಾತಿಗೆ ಅನ್ನುತ್ತಾರೆ. ಹನ್ನೂರಿನ ಸೈದಪ್ಪನ ಮುಂದೆ ಯಾರೂ ಆ ಮಾತು ಎತ್ತುವುದಿಲ್ಲ. ಅವನ ಎರಡೂ ಕಣ್ಣಿಗೆ ಸುಣ್ಣವೇ ಬಿದ್ದಿತ್ತು. ಕುದಿಯುವ ಸುಣ್ಣ. ಬೆಣ್ಣೆ ತಿಂದವರು ಸೋಲಾಪುರದಲ್ಲಿ ಕೂತಿದ್ದರು.

ಆ ಸೋಲಾಪುರದವರ ಬಿಳಿ ಕಾರು ಒಂದು ಮುಂಜಾನೆ ಹನ್ನೂರಿಗೆ ಬಂತು. ಊರ ಹೊರಗಿನ ಬುದ್ಧವಿಹಾರದ ಹತ್ತಿರ ನಿಂತಿತು. ಭಾಗಾಬಾಯಿ ಅಂಗಳದಲ್ಲಿ ಕೂತು ಗಂಡನ ಗಡ್ಡ ಬೋಳಿಸುತ್ತಿದ್ದಳು. ಕಾರಿನಿಂದ ಇಳಿದವನನ್ನು ನೋಡಿ ಅವಳ ಕೈ ನಿಂತಿತು.

"ಯಾರು ಬಂದಾರ?" ಅಂದ ಸೈದಪ್ಪ.

"ಲಕ್ಷ್ಮೀಕಾಂತ."

ಸೈದಪ್ಪನ ಅರ್ಧ ಮುಖಕ್ಕೆ ಇನ್ನೂ ಸಾಬೂನಿನ ನೊರೆ ಇತ್ತು. ಹಾಗೆಯೇ ಎದ್ದು ನಿಂತ. ಹೆದರಿ ಅಲ್ಲ, ರೂಢಿಯಿಂದ. ಸೂಪರ್‌ವೈಸರನ ಹೆಸರು ಕೇಳಿದರೆ ಕೂಲಿಯವನ ಮೈ ತಾನೇ ಏಳುತ್ತದೆ. ಕಣ್ಣು ಹೋದರೂ ಈ ಹಾಳು ರೂಢಿ ಹೋಗುವುದಿಲ್ಲ, ಥೂ.

ಲಕ್ಷ್ಮೀಕಾಂತನ ಜೊತೆಗೆ ಒಬ್ಬ ಹುಡುಗಿ ಇದ್ದಳು. ಪ್ರಾಜಕ್ತಾ ಅಂತ ಹೆಸರು. ಕಂಪನಿಯ ಸಭೆ ಸಮಾರಂಭಗಳನ್ನು ನೋಡಿಕೊಳ್ಳುವವಳು. ನಗುಮುಖದವಳು, ಹೊಸಬಳು.

"ಮಾವಶಿ, ಖುಶಖಬರ್ ಐತ್ರಿ," ಅಂದಳು, ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವ ಹಾಗೆ. "ಕೊಂಕಣದಾಗ ನೀವು ಕೆಲಸ ಮಾಡಿದ್ರಲ್ಲ, ಆ ದೀಪಸ್ತಂಭಕ್ಕ ಬಕ್ಷೀಸ ಬಂದೈತಿ. ನಮ್ಮ ಕಂಪನಿಗೆ ಸೋಲಾಪುರದಾಗ ಸತ್ಕಾರ. ನೀವು ಸ್ಟೇಜಿನ ಮ್ಯಾಲ ಸುಣ್ಣ ತುಳದು ತೋರಸಬೇಕು. ನಿಮ್ಮ ಪರಂಪರಾ ಮಂದಿ ನೋಡಲಿ."

ಪರಂಪರೆ! ಭಾಗಾಬಾಯಿಯ ಅಜ್ಜಿ ಅಕ್ಕಲಕೋಟದಲ್ಲಿ ಸರದಾರರೊಬ್ಬರ ವಾಡೆಯ ಗೋಡೆಗೆ ಸುಣ್ಣ ತುಳಿದಿದ್ದಳು. ಗೋಡೆ ಎದ್ದ ಮೇಲೆ ಅಜ್ಜಿ ಗೋಡೆಯ ಹೊರಗೇ ಉಳಿದಳು. ಒಳಗೆ ಹೇಗಿದೆ ಅಂತ ಸಾಯುವತನಕ ಅವಳಿಗೆ ಗೊತ್ತಾಗಲಿಲ್ಲ. ಅವ್ವನದೂ ಅದೇ ಪಾಡು. ಕಾಲು ಸುಡುವುದು ಇವರಿಗೆ, ನೆರಳು ಇನ್ನೊಬ್ಬರಿಗೆ. ಇದಕ್ಕೆ ಪರಂಪರೆ ಅಂತ ಹೆಸರಿದೆ ಎನ್ನುವುದು ಭಾಗಾಬಾಯಿಗೆ ಆವತ್ತೇ ತಿಳಿದದ್ದು.

ಪ್ರಾಜಕ್ತಾ ವಿಹಾರದ ಫೋಟೋ ತೆಗೆಯಲು ಆ ಕಡೆ ಹೋದಳು. ಲಕ್ಷ್ಮೀಕಾಂತ ದನಿ ತಗ್ಗಿಸಿದ.

"ಕೇಳಿಲ್ಲೆ ಭಾಗಾಬಾಯಿ. ಆಪರೇಶನ್ ಮಾಡಿದ್ರ ಒಂದು ಕಣ್ಣಾರ ಬರ್ತೈತಿ ಅಂತ ಡಾಕ್ಟರ್ ಹೇಳ್ಯಾರಲ್ಲ? ಮಾಲಕ್ರು ಪುಣೆಕ್ಕ ಕಳಸಿ ಮಾಡಸ್ತಾರ. ಎಲ್ಲಾ ಅವರದ. ನೀ ಇಷ್ಟ ಮಾಡು. ಸ್ಟೇಜಿನ ಮ್ಯಾಲ ನಿನಗ ಮೈಕ್ ಕೊಡ್ತಾರ. 'ಹೋದವರೆಲ್ಲ ಸುಖರೂಪ ಬಂದೀವಿ, ಯಾರಿಗೂ ಏನೂ ಆಗಿಲ್ಲ' ಅನ್ನು. ಸಾಕು."

"ಮತ್ತ ಇವರ ಕಣ್ಣು?"

"ಅದು ಊರಿಗೆ ಬಂದ ಮ್ಯಾಲ ಹೋಗಿದ್ದು. ಕುಡದು ಬಿದ್ದಾನ ಅಂತ ಹೇಳೀನಿ ನಾ ಮಾಲಕ್ರಿಗೆ."

"ಇವರು ಕುಡಿಯಂಗ ಇಲ್ಲ."

"ಕುಡೀಲಾರದ ಗಂಡಗ ಕಣ್ಣು ಬೇಕೋ ಬ್ಯಾಡೋ, ಅದನ್ನ ಹೇಳು."

ಸೈದಪ್ಪ ಅಲ್ಲೇ ನಿಂತಿದ್ದ. ನೊರೆ ಒಣಗಿ ಕೆನ್ನೆಗೆ ಹತ್ತಿತ್ತು. ಎಲ್ಲವೂ ಅವನ ಕಿವಿಗೆ ಬಿದ್ದಿತ್ತು.

ಆಗಿದ್ದು ಏನು ಅಂತ ಹೇಳಿಬಿಡಬೇಕು. ಸುತ್ತಿ ಬಳಸಿ ಹೇಳುವಂಥದ್ದಲ್ಲ ಅದು.

ಕೊಂಕಣದ ಸಮುದ್ರದ ದಂಡೆಯಲ್ಲಿ ಬ್ರಿಟಿಷರ ಕಾಲದ ಒಂದು ದೀಪಸ್ತಂಭ. ಹನ್ನೂರಿನವರು ಅದನ್ನು ಬುರುಜು ಅಂತಲೇ ಕರೆದರು. ಹಿಂದೆ ಯಾರೋ ಅದಕ್ಕೆ ಸಿಮೆಂಟು ಮೆತ್ತಿದ್ದರು. ಉಪ್ಪುಗಾಳಿ ಹೊಡೆದು ಸಿಮೆಂಟು ಉಬ್ಬಿ, ಒಳಗಿನ ಕಲ್ಲು ಕೊಳೆಯುತ್ತಿತ್ತು. ಸಿಮೆಂಟು ಕೆತ್ತಿ ತೆಗೆದು ಹಳೆಯ ಪದ್ಧತಿಯಂತೆ ಸುಣ್ಣದ ಗಚ್ಚು ಹಾಕಬೇಕು ಅಂತಾಯಿತು. ಸೋಲಾಪುರದ ಕಂಪನಿ ಕೆಲಸ ಹಿಡಿಯಿತು. ಸುಣ್ಣ ಬಲ್ಲ ಕೈಕಾಲು ಬೇಕಲ್ಲ? ಹನ್ನೂರಿನಿಂದ ಹೇರಿಕೊಂಡು ಹೋದರು.

ಹೆಣ್ಣುಮಕ್ಕಳು ಗುಂಡಿಯಲ್ಲಿ ಇಳಿದು ಬರಿಗಾಲಲ್ಲಿ ಗಚ್ಚು ತುಳಿದರು. ಮರಳು, ಸುಣ್ಣ, ಬೆಲ್ಲದ ನೀರು. ಕಾಲಿಗೆ ಎಷ್ಟು ಕೊಬ್ಬರಿ ಎಣ್ಣೆ ಬಳಿದರೂ ಬಿರುಕಿನಲ್ಲಿ ಸುಣ್ಣ ಇಳಿಯುತ್ತಿತ್ತು. ಮಲಗುವಾಗ ಒದ್ದೆ ಗೋಣಿಚೀಲದಲ್ಲಿ ಕಾಲು ಸುತ್ತಿಕೊಳ್ಳುತ್ತಿದ್ದರು. ಭಾಗಾಬಾಯಿಯ ಎಡಗಾಲಿನ ಹೆಬ್ಬೆರಳಿನ ಉಗುರು ಅಲ್ಲೇ ಕಳಚಿ ಬಿತ್ತು. ಬೂಟು ಕೊಡಿಸಿರಿ ಅಂದಳು. "ಬೂಟು ಹಾಕಿದ್ರ ಫೋಟೋ ಚಲೋ ಬರಂಗಿಲ್ಲ" ಅಂದ ಲಕ್ಷ್ಮೀಕಾಂತ. ಅವನ ಕಾಲಲ್ಲಿ ಬೂಟಿತ್ತು.

ಇನ್ನು ನೀರು. ಅಲ್ಲಿನ ಬಾವಿ ನೀರು ಸವಳು. ಸವಳು ನೀರಲ್ಲಿ ಕಲಸಿದರೆ ಗಚ್ಚು ಹಿಡಿಯುವುದಿಲ್ಲ, ಮೇಲೆ ಉಪ್ಪು ಒಡೆಯುತ್ತದೆ. ಅದಕ್ಕೆ ಟ್ಯಾಂಕರಿನಲ್ಲಿ ಸಿಹಿನೀರು ಬರುತ್ತಿತ್ತು. ಬುರುಜಿನ ಬುಡದಲ್ಲೇ ಒಂದು ಕಬ್ಬಿಣದ ಟಾಕಿ. ಬಂದ ದಿನ ಭಾಗಾಬಾಯಿ ಅದರ ನಳದ ಕೆಳಗೆ ತಂಬಿಗೆ ಹಿಡಿದಳು. ಲಕ್ಷ್ಮೀಕಾಂತ ಬಂದು ತಂಬಿಗೆ ಚೆಲ್ಲಿಸಿದ. ನಳ ತೊಳೆಸಿದ. ಮರುದಿನ ನಳಕ್ಕೆ ಕೀಲಿ ಬಿತ್ತು. ಚಾವಿ ಅವನ ಪ್ಯಾಂಟಿನ ಕಿಸೆಯಲ್ಲಿ. "ಈ ನೀರು ಗಚ್ಚಿಗೆ. ನಿಮಗ ಬಾವಿ ಐತಿ" ಅಂದ. ಅವನೂ ಅವನ ಸಾಹೇಬರೂ ಆ ಟಾಕಿಯ ನೀರನ್ನೇ ಕುಡಿಯುತ್ತಿದ್ದರು, ಅದರಲ್ಲೇ ಮುಖ ತೊಳೆಯುತ್ತಿದ್ದರು. ಹನ್ನೂರಿನ ವಿಹಾರದ ಓಣಿಯವರು ಮಾತ್ರ ಮುಟ್ಟಬಾರದು. ಇದೇ ಕೊಂಕಣದ ಮಹಾಡದಲ್ಲಿ ಬಾಬಾಸಾಹೇಬರು ಕೆರೆಗೆ ಇಳಿದು ನೀರು ಮುಟ್ಟಿ ನೂರು ವರ್ಷವಾಗುತ್ತ ಬಂತು. ಪ್ರತಿವರ್ಷ ವಿಹಾರದಲ್ಲಿ ಭಾಗಾಬಾಯಿ ಆ ಕಥೆ ಕೇಳಿದ್ದಾಳೆ. ಕೆರೆಯೇನೋ ಬಿಡುಗಡೆಯಾಯಿತು, ಟಾಕಿಗೆ ಕೀಲಿ ಬಿತ್ತು.

ಸೈದಪ್ಪನ ಕೆಲಸ ಸುಣ್ಣ ಅರಳಿಸುವುದು. ಭಟ್ಟಿಯಲ್ಲಿ ಸುಟ್ಟ ಸುಣ್ಣದ ಹೆಂಟೆ ನೋಡಲು ಸಾಧು. ನೀರು ಸೋಕಿದರೆ ರಾಕ್ಷಸ. ಕುದಿಯುತ್ತದೆ, ಸಿಡಿಯುತ್ತದೆ. ಅದಕ್ಕೆ ಬಯಲಲ್ಲಿ ಗುಂಡಿ ತೋಡಿಯೇ ಅರಳಿಸುವುದು. ಹೆಂಟೆ ನೀರಿಗೆ ಹಾಕುವವನು ಮೊದಲು ಗಟ್ಟಿಯಾಗಿ ಕೂಗುತ್ತಾನೆ: "ಕಣ್ಣು ಕಾಯ್ಕೋರ್ರೋ!" ಕೂಗು ಕೇಳಿದೊಡನೆ ಎಲ್ಲರೂ ಹಿಂದೆ ಸರಿದು ಮುಖ ತಿರುಗಿಸುತ್ತಾರೆ. ಆಮೇಲೆ ಹಾಕುವುದು, ಹಾಕಿ ತಾನೂ ಹಿಂದೆ ಜಿಗಿಯುವುದು. ತಾತ ಮುತ್ತಾತರಿಂದ ಬಂದ ಪದ್ಧತಿ ಅಂದರೆ ಇದು. ಇದರ ಫೋಟೋ ಯಾರೂ ತೆಗೆಯಲಿಲ್ಲ.

ಮಳೆಗಾಲ ಹತ್ತಿರ ಬಂತು. ಒದ್ದೆ ಗಚ್ಚು ಹೊತ್ತು ಬುರುಜಿನ ಸುತ್ತು ಮೆಟ್ಟಿಲು ಹತ್ತುವುದು ತಡ, ಒಣ ಹೆಂಟೆಯಾದರೆ ಹಗುರ, ಲಗೂನೆ ಆಗುತ್ತದೆ ಅಂತ ಲಕ್ಷ್ಮೀಕಾಂತ ಲೆಕ್ಕ ಹಾಕಿದ. ಹೆಂಟೆಯನ್ನು ಮೇಲಕ್ಕೇ ಒಯ್ಯಿರಿ, ನೆತ್ತಿಯ ಮೇಲೆ ಡ್ರಮ್ಮಿನಲ್ಲೇ ಅರಳಿಸಿರಿ ಅಂದ.

"ಮ್ಯಾಲ ಹಿಂದ ಸರಿಯಾಕ ಜಾಗಾ ಇಲ್ರಿ ಸಾಹೇಬ್ರ," ಅಂದ ಸೈದಪ್ಪ.

"ನಿನಗ ಜಾಗಾ ಬೇಕೋ, ಕೆಲಸ ಬೇಕೋ?"

ಸೈದಪ್ಪ ಹತ್ತಿದ. ಮೇಲೆ ಒಂದು ಆಳು ನಿಲ್ಲುವಷ್ಟು ಕಟ್ಟೆ. ಹಿಂದೆ ಕಂಬಿ, ಕಂಬಿಯ ಆಚೆ ಗಾಳಿ. ಅವನು ಕೂಗಿದ. ಕೆಳಗೆ ಗುಂಡಿಯಲ್ಲಿದ್ದ ಭಾಗಾಬಾಯಿಗೂ ಆ ಕೂಗು ಕೇಳಿಸಿತು. ಆಮೇಲೆ ಬಂದ ಕೂಗು ಬೇರೆಯಾಗಿತ್ತು.

ಅವಳು ಮೇಲೆ ಓಡಿದಳು. ಅವನ ಕೈ ಹೆಗಲಿಗೆ ಹಾಕಿಕೊಂಡು ಸುತ್ತಿ ಸುತ್ತಿ ಇಳಿಸಿದಳು. ನೇರ ಟಾಕಿಗೆ ತಂದಳು. ನಳಕ್ಕೆ ಕೀಲಿ. ಲಕ್ಷ್ಮೀಕಾಂತ ಅಲ್ಲೇ ಇದ್ದ.

"ಚಾವಿ ಕೊಡ್ರಿ ಸಾಹೇಬ್ರ! ಕಣ್ಣಾಗ ಸುಣ್ಣ ಬಿದ್ದೈತ್ರಿ!"

"ಬಾವಿಗೆ ಕರಕೊಂಡ ಹೋಗು. ಇವತ್ತ ಒಬ್ಬಗ ತಗದ್ರ ನಾಳೆ ಎಲ್ಲಾರೂ ಬರ್ತೀರಿ."

ಅವಳು ಅವನ ಬೂಟು ಹಿಡಿದಳು. ಹೌದು, ಕಾಲಿಗೆ ಬಿದ್ದಳು. ಅದನ್ನು ನೆನೆದರೆ ಈಗಲೂ ಅವಳ ಮೈ ಉರಿಯುತ್ತದೆ. ಕಿಸೆಯಲ್ಲಿ ಚಾವಿ ಇತ್ತು, ಅವನ ಕೈ ಕಿಸೆಗೆ ಹೋಗಲಿಲ್ಲ. ಬಂಡೆಗಳ ಆಚೆ ಇದ್ದ ಬಾವಿಗೆ ಗಂಡನನ್ನು ಎಳೆದುಕೊಂಡು ಹೋಗಿ ನೀರು ಸೇದುವ ಹೊತ್ತಿಗೆ ಎರಡೂ ಕಣ್ಣು ಬೆಳ್ಳಗೆ ಮೀನಿನ ಕಣ್ಣಾಗಿದ್ದವು. ಆಗಲೇ ತೊಳೆದಿದ್ದರೆ ಇಷ್ಟು ಆಗುತ್ತಿರಲಿಲ್ಲ ಅಂತ ಸೋಲಾಪುರದ ಡಾಕ್ಟರು ಆಮೇಲೆ ಹೇಳಿದರು. ಊರಿಗೆ ಹೋಗಲು ಎಸ್‌ಟಿ ಬಸ್ಸು ಹತ್ತಿಸುವಾಗ ಲಕ್ಷ್ಮೀಕಾಂತ ಒಂದು ನೀರಿನ ಬಾಟಲಿ ಅವಳ ಕೈಗಿಟ್ಟ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅವಳು ಆ ಬಾಟಲಿಯನ್ನು ಕಿಟಕಿಯಿಂದ ಎಸೆದಳು.

ಈಗ ಅದೇ ಮನುಷ್ಯ ಅಂಗಳದಲ್ಲಿ ನಿಂತು, ಯಾರಿಗೂ ಏನೂ ಆಗಿಲ್ಲ ಅನ್ನು ಅಂತ ಹೇಳಿ ಹೋದ.

ಕಾರು ಹೋದ ಮೇಲೆ ಭಾಗಾಬಾಯಿ ಬ್ಲೇಡು ಕೈಗೆ ತಗೊಂಡಳು. ಗಂಡ ಉಗಿಯುತ್ತಾನೆ, ಬೈಯುತ್ತಾನೆ, ಹೋಗಬ್ಯಾಡ ಅನ್ನುತ್ತಾನೆ ಅಂತ ಕಾದಳು.

"ಹೇಳಿಬಿಡು, ಭಾಗಾ," ಅಂದ ಸೈದಪ್ಪ.

"ಏನಂದ್ರಿ?"

"ನನಗ ಕಣ್ಣು ಬೇಕು. ಅವರು ಏನಂತಾರ ಅದನ್ನ ಅಂದುಬಿಡು. ಸುಳ್ಳಿಗೆ ಏನು, ಅವರು ದಿನಾ ಹೇಳ್ತಾರ." ಕೈ ಚಾಚಿ ಅವಳ ಕೆನ್ನೆ ತಡವಿ ಅಂದ, "ನಿನ್ನ ಮಾರಿ ಮರತ ಹೊಂಟೈತಿ ನನಗ."

ಅವಳಿಗೆ ಅವನ ಮೇಲೆ ಸಿಟ್ಟು ಬಂತು. ಆಮೇಲೆ ಅಳು ಬಂತು. ಯಾವ ಹೆಂಡತಿ ಬೇಡ ಅಂದಾಳು? ಮುಖದ ನೊರೆ ಒರೆಸಿ, "ಆತ್ರಿ, ಹೇಳ್ತೀನಿ" ಅಂದಳು.

ಪ್ರದರ್ಶನಕ್ಕೆ ಇಡಲು ಊರ ಭಟ್ಟಿಯ ನಾಲ್ಕು ಹೆಂಟೆ ಸುಣ್ಣ ತನ್ನಿ ಅಂತ ಪ್ರಾಜಕ್ತಾ ಹೇಳಿ ಹೋಗಿದ್ದಳು. ಭಾಗಾಬಾಯಿ ಅವನ್ನು ಒಣ ಡಬ್ಬಿಗೆ ಹಾಕಿ, ಬೆವರು ತಾಗದ ಹಾಗೆ ಅರಿವೆಯಲ್ಲಿ ಕಟ್ಟಿದಳು. ಅಕ್ಕಲಕೋಟದ ಬಸ್ ಸ್ಟ್ಯಾಂಡಿನಲ್ಲಿ ಸ್ವಾಮಿಗಳ ದರ್ಶನಕ್ಕೆ ಬಂದವರ ನೂಕುನುಗ್ಗಲು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಗಂಡನ ಕೈ ಹಿಡಿದು ಸೋಲಾಪುರದ ಎಸ್‌ಟಿ ಹತ್ತಿದಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದಳು. ಹೋದವರೆಲ್ಲ ಸುಖರೂಪ ಬಂದೀವಿ. ಹೋದವರೆಲ್ಲ ಸುಖರೂಪ ಬಂದೀವಿ.

ಸಭಾಗೃಹದ ಬಾಗಿಲಲ್ಲಿ ಆಳೆತ್ತರದ ಫೋಟೋ ನಿಲ್ಲಿಸಿದ್ದರು. ಗಚ್ಚಿನಲ್ಲಿ ಹೂತ ಎರಡು ಕಾಲು. ಎಡಗಾಲಿನ ಹೆಬ್ಬೆರಳಿಗೆ ಉಗುರಿಲ್ಲ. ಮೊಣಕಾಲಿನ ಮೇಲೆ ಏನೂ ಇಲ್ಲ. ಮುಖ ಇಲ್ಲ, ಹೆಸರಿಲ್ಲ. ಕೆಳಗೆ ದೊಡ್ಡ ಅಕ್ಷರದಲ್ಲಿ "ಪರಂಪರೆಯ ಹೆಜ್ಜೆಗಳು" ಅಂತ ಮರಾಠಿಯಲ್ಲಿ ಬರೆದಿತ್ತು.

"ಏನೈತಿ ಅಲ್ಲಿ, ನಿಂತಿ?" ಅಂದ ಸೈದಪ್ಪ.

"ನನ್ನ ಕಾಲು," ಅಂದಳು.

ಸೈದಪ್ಪನನ್ನು ಕಟ್ಟಕಡೆಯ ಸಾಲಿನಲ್ಲಿ ಕೂಡಿಸಿದರು. ಯಾರ ಕಣ್ಣಿಗೂ ಬೀಳಬಾರದಲ್ಲ. ಭಾಗಾಬಾಯಿಗೆ ಹಸಿರು ಸೀರೆ ಕಚ್ಚೆ ಹಾಕಿ ಉಡಿಸಿದರು, ಹೂ ಮುಡಿಸಿದರು. ಸ್ಟೇಜಿನ ಮೇಲೆ ಒಂದು ಅಗಲವಾದ ತಗಡಿನ ಬುಟ್ಟಿ ತುಂಬ ಬೆಳ್ಳಗಿನ ರಾಡಿ. ಹಿಂಬದಿಯಲ್ಲಿ ನೀರು ತುಂಬಿದ ತಾಮ್ರದ ಹಂಡೆ. ಪಕ್ಕದಲ್ಲಿ ಹಿತ್ತಾಳೆ ತಟ್ಟೆ, ಅದರಲ್ಲಿ ಅವಳು ತಂದ ಹೆಂಟೆ, ಸುತ್ತ ಚೆಂಡುಹೂ.

ಬುಟ್ಟಿಯಲ್ಲಿ ಕಾಲಿಟ್ಟಳು. ತಣ್ಣಗಿತ್ತು. ಕಾಲು ಚುರುಕ್ ಅನ್ನಲಿಲ್ಲ.

"ಇದು ಸುಣ್ಣ ಅಲ್ಲ," ಅಂದಳು.

"ಚಾಕ್ ಪೌಡರ್ ರೀ ಮಾವಶಿ," ಅಂತ ಪ್ರಾಜಕ್ತಾ ಪಿಸುಗುಟ್ಟಿದಳು. "ಮುಂದ ಪಾವಣ್ಯಾರು ಕೂತಾರ. ಖರೆ ಸುಣ್ಣ ಸಿಡದ್ರ ಅವರ ಕಣ್ಣಿಗೆ ಅಪಾಯ ಅಂತ ಲಕ್ಷ್ಮೀಕಾಂತ ಸರ್ ಹೇಳಿದ್ರು."

ಹಾಗಾದರೆ ಗೊತ್ತಿತ್ತು ಅವನಿಗೆ. ಸುಣ್ಣ ಕಣ್ಣು ತಿನ್ನುತ್ತದೆ ಅಂತ ಚೆನ್ನಾಗಿ ಗೊತ್ತಿತ್ತು. ಭಾಗಾಬಾಯಿ ಹಲ್ಲು ಕಚ್ಚಿ ತುಳಿದಳು. ಕಣ್ಣು ಬೇಕು, ಕಣ್ಣು ಬೇಕು ಅಂತ ಒಂದೊಂದು ಹೆಜ್ಜೆಗೂ ಅಂದುಕೊಂಡಳು. ಮಂದಿ ಚಪ್ಪಾಳೆ ತಟ್ಟಿದರು. ಮೊಬೈಲು ಎತ್ತಿ ಹಿಡಿದರು. ಡೊಂಬರಾಟ ನೋಡಿದ ಹಾಗೆ ನೋಡಿದರು.

ಅಷ್ಟರಲ್ಲಿ ಅವಳ ಹಿಮ್ಮಡಿಯಿಂದ ಒಂದು ಹನಿ ಹಾರಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಮುಖ್ಯ ಅತಿಥಿಯ ರೆಪ್ಪೆಗೆ ತಾಗಿತು. ಬರೀ ಚಾಕಿನ ಪುಡಿ, ಮಕ್ಕಳು ಶಾಲೆಯಲ್ಲಿ ತಿನ್ನುತ್ತವೆ ಅದನ್ನು.

ಲಕ್ಷ್ಮೀಕಾಂತ ಹಾರಿ ಬಂದ. "ಪಾಣಿ! ಪಾಣಿ ಆಣಾ!" ಎರಡೂ ಕೈಯಲ್ಲಿ ಬಾಟಲಿ ಹಿಡಿದು ಆ ದೊಡ್ಡ ಮನುಷ್ಯನ ಮುಂದೆ ಮಂಡಿಯೂರಿದ. "ಲಗೂನ ತೊಳಕೋರಿ ಸಾಹೇಬ್ರ, ಕಣ್ಣು ಭಾಳ ನಾಜೂಕ!" ಒಂದು ಬಾಟಲಿ ಖಾಲಿಯಾಯಿತು. ಇನ್ನೊಂದರ ಮುಚ್ಚಳ ತೆಗೆದ. ಅತಿಥಿ ನಗುತ್ತಾ ಏನಿಲ್ಲ ಬಿಡ್ರಿ ಅಂದರೂ ಬಿಡಲಿಲ್ಲ. ಸಿಹಿನೀರು ಕೆಂಪು ಜಮಖಾನೆಯ ಮೇಲೆ ಹರಿದು ಹೋಯಿತು.

ಭಾಗಾಬಾಯಿ ಬುಟ್ಟಿಯಲ್ಲಿ ನಿಂತು ನೋಡಿದಳು. ನೋಡುತ್ತಲೇ ಇದ್ದಳು.

"ಹೇಳ್ರಿ ಮಾವಶಿ," ಅಂತ ಪ್ರಾಜಕ್ತಾ ಮೈಕು ಕೈಗೆ ಕೊಟ್ಟಳು.

"ಹೋದವರೆಲ್ಲ..." ಅಂದಳು. ಮುಂದೆ ಬರಲಿಲ್ಲ. ಎಸ್‌ಟಿಯಲ್ಲಿ ನೂರು ಸಲ ಅಂದ ಮಾತೇ ಅದು. ಕಡೆಯ ಸಾಲಿನ ಕಡೆ ನೋಡಿದಳು. ಸೈದಪ್ಪ ಕತ್ತು ಮುಂದೆ ಮಾಡಿ ಅವಳ ಮಾತಿಗೆ ಕಾಯುತ್ತಿದ್ದ.

ಮೈಕು ಕೆಳಗಿಟ್ಟಳು. ಬುಟ್ಟಿಯಿಂದ ಇಳಿದಳು. ಸೆರಗಿನಿಂದ ಕೈ ಒರೆಸಿಕೊಂಡು ತಟ್ಟೆಯಲ್ಲಿದ್ದ ಹೆಂಟೆಗಳನ್ನು ಎತ್ತಿಕೊಂಡಳು. ಚೆಂಡುಹೂ ಉದುರಿದವು. ಹಿಂದೆ ಹೋಗಿ ಒಂದೊಂದಾಗಿ ಹಂಡೆಯ ನೀರಿಗೆ ಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದಳು. ಕೂಗಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ, ಕೂಗದೆ ಸುಣ್ಣ ಹಾಕಿದಳು.

ಮೊದಲು ಏನೂ ಆಗಲಿಲ್ಲ. ಯಾರೋ ನಕ್ಕರು. ಆಮೇಲೆ ಹಂಡೆ ಬುಸುಗುಟ್ಟಿತು. ಹೆಂಟೆ ಪಟಪಟ ಒಡೆದವು. ನೀರು ಕೊತಕೊತ ಕುದಿದು, ಬಿಳಿ ಉಗಿ ಸ್ಟೇಜಿನ ಮೇಲೆಲ್ಲ ಎದ್ದಿತು. ಮುಂದಿನ ಸಾಲಿನವರು ದಡಬಡಿಸಿ ಎದ್ದರು. ಕುರ್ಚಿ ಉರುಳಿದವು. ಮುಖ್ಯ ಅತಿಥಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಹಿಂದೆ ಹಿಂದೆ ಸರಿದ.

ಆಗ ಕಡೆಯ ಸಾಲಿನಿಂದ ಕೂಗು ಬಂತು.

"ಕಣ್ಣು ಕಾಯ್ಕೋರ್ರೋ!"

ಸೈದಪ್ಪ ಎದ್ದು ನಿಂತಿದ್ದ. ಮುಖ ಪಕ್ಕಕ್ಕೆ ತಿರುಗಿಸಿ, ಮೊಣಕೈ ಅಡ್ಡ ಹಿಡಿದು, ಇದ್ದಬದ್ದ ಶಕ್ತಿ ಹಾಕಿ ಕೂಗುತ್ತಿದ್ದ. "ಭಾಗಾ! ಹಿಂದ ಸರಿ! ಕಣ್ಣು ಕಾಯ್ಕೋರ್ರೋ!" ಅವನಿಗೆ ಕಂಡದ್ದೇನೂ ಇಲ್ಲ, ಸದ್ದು ಕೇಳಿತ್ತು. ಇಡೀ ಸಭೆ ತಿರುಗಿ ನೋಡಿತು. ಆ ಎರಡು ಬಿಳಿ ಕಣ್ಣು ಎಲ್ಲರಿಗೂ ಕಂಡವು.

ಮೈಕು ಬಂದ್ ಮಾಡಿರಿ ಅಂತ ಲಕ್ಷ್ಮೀಕಾಂತ ಕೈ ಬೀಸಿದ. ಮೈಕು ಯಾರಿಗೆ ಬೇಕಿತ್ತು? ಸಮುದ್ರದ ಗಾಳಿಯ ಎದುರು ಕೂಗಿ ಮಾತಾಡಿದ ಗಂಟಲು ಅದು.

"ಅವರು ನನ್ನ ಗಂಡ," ಅಂದಳು ಭಾಗಾಬಾಯಿ. "ಸೈದಪ್ಪ." ಹೆಂಡತಿ ಗಂಡನ ಹೆಸರು ಹೇಳಬಾರದು. ಅವಳು ಹೇಳಿದಳು. "ನೀವೆಲ್ಲಾ ಈಗ ಹಿಂದ ಸರದ್ರಿ. ನಿಮಗ ಜಾಗಾ ಇತ್ತು. ನಿಮ್ಮ ಬುರುಜಿನ ನೆತ್ತಿ ಮ್ಯಾಲ ಇವರಿಗೆ ಸರಿಯಾಕ ಜಾಗಾ ಇರ್ಲಿಲ್ಲ. ಕಣ್ಣಾಗ ಇದ ಸುಣ್ಣ ಬಿತ್ತು. ಕೆಳಗ ಟಾಕಿ ತುಂಬ ಸೀನೀರಿತ್ತು. ಕೀಲಿ ಹಾಕಿದ್ರು. ಚಾವಿ ಈ ಲಕ್ಷ್ಮೀಕಾಂತನ ಕಿಸೇದಾಗಿತ್ತು. ಕಾಲ ಹಿಡದೆ, ಕೊಡ್ಲಿಲ್ಲ. ನೀರು ಗಚ್ಚಿಗೆ ಬೇಕಂದ. ನಿಮ್ಮ ಗ್ವಾಡಿಗೆ ಉಪ್ಪು ಹತ್ತಬಾರದು. ನಮ್ಮ ಕಣ್ಣು ಸುಟ್ಟ ಹೋದ್ರ ಚಿಂತಿಲ್ಲ. ಇವತ್ತ ಚಾಕಿನ ಪುಡಿಗೆ ಎಷ್ಟು ನೀರು ಬಂತಲ್ರೀ! ಆವತ್ತ ಒಂದು ತಂಬಿಗಿ ಬರಲಿಲ್ಲ."

ಪ್ರಾಜಕ್ತಾಳ ಮುಖ ಹಂಡೆಯ ಸುಣ್ಣಕ್ಕಿಂತ ಬೆಳ್ಳಗಾಗಿತ್ತು.

ಭಾಗಾಬಾಯಿ ಸ್ಟೇಜು ಇಳಿದಳು. ಅತಿಥಿಗಳ ಮೇಜಿನ ಮೇಲಿಂದ ಒಂದು ಬಾಟಲಿ ತಗೊಂಡಳು. ಯಾರನ್ನೂ ಕೇಳಲಿಲ್ಲ. ಕೆಂಪು ಜಮಖಾನೆಯ ಮೇಲೆ ಅವಳ ಬಿಳಿ ಹೆಜ್ಜೆ ಮೂಡಿದವು, ಮುಂದಿನ ಸಾಲಿನಿಂದ ಕಡೆಯ ಸಾಲಿನತನಕ. ಗಂಡನ ಭುಜ ಹಿಡಿದು ಕುರ್ಚಿಯಲ್ಲಿ ಕೂಡಿಸಿದಳು.

"ಹೇಳಾಕ ಆಗಲಿಲ್ರಿ," ಅಂದಳು. "ಬೈರಿ ಬೇಕಾದ್ರ."

ಸೈದಪ್ಪ ಬೈಯಲಿಲ್ಲ.

"ಕೈ ಚಾಚ್ರಿ."

ಬೊಗಸೆಗೆ ನೀರು ಬಿತ್ತು. ಅವನು ನಾಲಿಗೆ ತುದಿಯಿಂದ ಮುಟ್ಟಿ ನೋಡಿದ.

"ಸೀನೀರೇನ?"

"ಹೂಂ. ಸೀನೀರು."

ಲಕ್ಷ್ಮೀಕಾಂತ ಧುಮುಗುಡುತ್ತ ಬಂದ. "ಉಂಡ ಮನಿ ಜಂತಿ ಎಣಸ್ತಿಯೇನ? ಆಪರೇಶನ್ ಹೋತು, ತಿಳ್ಕೊ! ನಿನ್ನ ಗಂಡನ ಕಣ್ಣು ಇವತ್ತ ನೀನ ಕಳದಿ!"

"ಆ ಕಣ್ಣು ಇವತ್ತ ಹೋಗಿದ್ದಲ್ಲ," ಅಂದಳು ಭಾಗಾಬಾಯಿ. "ನಿನ್ನ ಕಿಸೆ ನೋಡ್ಕೋ."

"ಏ ಸೈದ್ಯಾ!" ಲಕ್ಷ್ಮೀಕಾಂತ ಒದರಿದ. "ಹೆಂಡತಿಗೆ ಬುದ್ಧಿ ಹೇಳು! ನಾ ನಿಂತೀನಿ ಇಲ್ಲಿ!"

ಸೈದಪ್ಪ ಏಳಲಿಲ್ಲ. ಕೂತಲ್ಲೇ ಕೂತು ಮುಖ ತೊಳೆದುಕೊಂಡ, ಮತ್ತೆ ಬೊಗಸೆ ಚಾಚಿದ.

"ಹಾಕು, ಭಾಗಾ," ಅಂದ. "ಇನ್ನೂ ಉರೀತೈತಿ."